ಸಮುದ್ರ ಹಿಂದೆ ಸರಿದರೆ ಎಚ್ಚರಿಕೆಗೆ ಕಾಯದೆ ಓಡಬೇಕು ಎನ್ನುವುದೇಕೆ?

ಮೈಸೂರಿನಿಂದ ಕಡಲತೀರಕ್ಕೆ ಹೋದವರು ಮೊಬೈಲಿಗೆ ಸುನಾಮಿ ಸಂದೇಶ ಬರುವವರೆಗೆ ಕಾಯಬಹುದೇ ಎಂದು ಕೇಳಿದ್ದೀರಿ. ಕಾಯಬಾರದು, ನೆಲ ಬಹಳ ಹೊತ್ತು ನಡುಗಿದರೆ, ಇಲ್ಲವೇ ನೀರು ಇದ್ದಕ್ಕಿದ್ದಂತೆ ಹಿಂದೆ ಸರಿದು ಮರಳಿನ ಮೇಲೆ ಮೀನುಗಳು ಒದ್ದಾಡತೊಡಗಿದರೆ, ಅದನ್ನೇ ಎಚ್ಚರಿಕೆಯೆಂದು ತಿಳಿದು ಎತ್ತರದ ಜಾಗಕ್ಕೆ ಧಾವಿಸಬೇಕು. ಅಲೆಯ ಉಬ್ಬಿಗಿಂತ ಮೊದಲು ಅದರ ತಗ್ಗು ದಡ ಮುಟ್ಟಿದಾಗ ನೀರು ಹೀಗೆ ಹಿಂಜರಿಯುತ್ತದೆ (ಪ್ರತಿ ಸಲವೂ ಹಾಗಾಗುತ್ತದೆಂದಿಲ್ಲ), ಉಬ್ಬು ಕೆಲವೇ ನಿಮಿಷಗಳಲ್ಲಿ ಬಂದುಬಿಡಬಹುದು. ಹೈದರಾಬಾದಿನ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವು 2007ರಿಂದ ಮುನ್ಸೂಚನೆ ನೀಡುತ್ತಿದೆಯಾದರೂ, ಕೆಆರ್‌ಎಸ್‌ನಿಂದ ನೀರು ಬಿಡುವ ಮುನ್ನ ನದಿಯಂಚಿನ ಊರುಗಳಿಗೆ ಸಿಗುವಷ್ಟು ಬಿಡುವು, ಭೂಕಂಪದ ಕೇಂದ್ರ ಹತ್ತಿರವಿದ್ದರೆ, ಇಲ್ಲಿ ಸಿಗಲಾರದು. ಮೊದಲ ಅಲೆ ಇಳಿಯಿತೆಂದು ಕೆಳಗೆ ಬರಬೇಡಿ. ಮುಂದಿನದು ಇನ್ನೂ ದೊಡ್ಡದಿರಬಹುದು, ಅಲೆಗಳು ಹಲವು ಗಂಟೆಗಳವರೆಗೆ ಬರುತ್ತಿರುತ್ತವೆ.