ಸಂಪಾದಕರ ಉತ್ತರ: 0–0 ಎಂದರೆ ಏನೂ ಆಗಲಿಲ್ಲ ಅಂತಲ್ಲ

ಶಿರಸಿಯ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ರೊಮೇನಿಯಾದ ಫುಟ್‌ಬಾಲ್ ಡಿಫೆಂಡರ್ ಮಿಯೊದ್ರಾಗ್ ಬೆಲೊಡೆಡಿಚ್ ಬಗ್ಗೆ ಬಂದ ಟಿಪ್ಪಣಿ ಅವರಿಗೆ ಹಿಡಿಸಿಲ್ಲ. ಪತ್ರದ ಸಾರ ಇಷ್ಟು: "ಈ ಮನುಷ್ಯ ಗೆದ್ದ ಎರಡೂ ಯುರೋಪಿಯನ್ ಕಪ್ ಫೈನಲ್‌ಗಳು 0–0. ಇಂಥ ಬೋರು ಆಟಕ್ಕೆ ಅರ್ಧ ಪುಟ ಬೇಕಿತ್ತಾ? ಅವನು ಸರ್ಬಿಯಾದವನು, ರೊಮೇನಿಯಾಕ್ಕೆ ಕೈಕೊಟ್ಟು ಓಡಿಹೋದವನು. ಕೊನೆಗೆ 1994ರಲ್ಲಿ ಪೆನಾಲ್ಟಿ ಕೆಡಿಸಿ ಅದೇ ದೇಶವನ್ನು ವಿಶ್ವಕಪ್‌ನಿಂದ ಹೊರಗೆ ಹಾಕಿಸಿದವನು. ಹೆಸರನ್ನೂ ಎರಡು ಕಡೆ ಎರಡು ರೀತಿ ಅಚ್ಚು ಹಾಕಿದ್ದೀರಿ. ಯಾವುದು ಸರಿ?"

ಸರ್, ಪತ್ರಕ್ಕೆ ಥ್ಯಾಂಕ್ಸ್. ಇಷ್ಟು ಗಮನವಿಟ್ಟು ಬೈಯುವವರು ಈಗ ಕಡಿಮೆ. ಆದರೆ ಒಂದೊಂದಾಗಿ ಜಗಳ ಆಡಲೇಬೇಕು.

ಮೊದಲು ಊರಿನ ವಿಷಯ. ಬೆಲೊಡೆಡಿಚ್ ಹುಟ್ಟಿದ್ದು 1964ರ ಮೇ 20ರಂದು, ಸೊಕೊಲ್ ಎಂಬ ಹಳ್ಳಿಯಲ್ಲಿ. ಡ್ಯಾನ್ಯೂಬ್ ನದಿ ರೊಮೇನಿಯಾವನ್ನು ಮುಟ್ಟುವುದೇ ಆ ಸುತ್ತಿನಲ್ಲಿ. ಆಚೆ ದಡ ಆಗ ಯುಗೊಸ್ಲಾವಿಯ. ಈಚೆ ದಡದಲ್ಲಿ ತಲೆಮಾರುಗಳಿಂದ ಸರ್ಬ್ ಮಾತಾಡುವ ಮನೆಗಳಿವೆ, ಇವರದೂ ಅಂಥದೇ ಮನೆ. ಮನೆಮಾತು ಸರ್ಬಿಯನ್, ಪಾಸ್‌ಪೋರ್ಟ್ ರೊಮೇನಿಯಾದ್ದು. ಚಿಕ್ಕಂದಿನಲ್ಲಿ ಮೆಚ್ಚಿದ ತಂಡ ಗಡಿಯಾಚೆಯ ರೆಡ್ ಸ್ಟಾರ್ ಬೆಲ್‌ಗ್ರೇಡ್. ಗಡಿನಾಡಿನ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ "ಸರ್ಬಿಯಾದವನು" ಎಂದರೆ ಅರ್ಧ ಸರಿ. ಅವರು ರೊಮೇನಿಯಾದ ಸರ್ಬ್. ಆ ದೇಶದ ಪರ 53 ಪಂದ್ಯ ಆಡಿದ್ದಾರೆ.

ಇನ್ನು ಬೋರಿನ ಆರೋಪ. ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು.

ಬೆಲೊಡೆಡಿಚ್ ಆಡುತ್ತಿದ್ದ ಜಾಗಕ್ಕೆ ಲಿಬೆರೊ ಅನ್ನುತ್ತಾರೆ, ಸ್ವೀಪರ್ ಅಂತಲೂ ಕರೆಯುತ್ತಾರೆ. ಉಳಿದ ಡಿಫೆಂಡರ್‌ಗಳು ಎದುರಾಳಿಯ ಒಬ್ಬೊಬ್ಬ ಆಟಗಾರನಿಗೆ ಅಂಟಿಕೊಂಡಿರುತ್ತಾರೆ. ಲಿಬೆರೊಗೆ ಆ ಕಟ್ಟು ಇಲ್ಲ. ಅವನು ಎಲ್ಲರ ಹಿಂದೆ ನಿಂತಿರುತ್ತಾನೆ. ಗದ್ದೆಗೆ ನೀರು ಬಿಟ್ಟವನು ಬದು ಎಲ್ಲಿ ಒಡೆಯಬಹುದು ಎಂದು ನೋಡಿಕೊಂಡಿರುತ್ತಾನಲ್ಲ, ಹಾಗೆ. ಒಡೆಯುವ ಮೊದಲೇ ಅಲ್ಲಿಗೆ ಹೋಗಿರಬೇಕು. ಚೆಂಡು ಸಿಕ್ಕ ಮೇಲೆ ಅದನ್ನು ಗ್ಯಾಲರಿಗೆ ಒದ್ದು ಕೈತೊಳೆದುಕೊಂಡರೆ ಅವನು ಸಾಧಾರಣ ಲಿಬೆರೊ. ತಲೆ ಎತ್ತಿಕೊಂಡು, ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಮೈದಾನದ ನಡುವಿಗೆ ಬಂದು ಆಟ ಶುರುಮಾಡಿದರೆ ಅವನು ಬೆಲೊಡೆಡಿಚ್. ನೆಲಕ್ಕೆ ಬಿದ್ದು ಜಾರಿ ಚೆಂಡು ಕಿತ್ತುಕೊಳ್ಳುವ ಅಬ್ಬರ ಅವರಲ್ಲಿ ಕಡಿಮೆ. ರೊಮೇನಿಯಾದಲ್ಲಿ ಅವರಿಗೆ "ಜಿಂಕೆ" ಅಂತ ಅಡ್ಡಹೆಸರು ಬಂದದ್ದು ಸುಮ್ನೆ ಅಲ್ಲ.

ಈಗ 1986ರ ಮೇ 7ಕ್ಕೆ ಬನ್ನಿ, ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್ಪಾದ ಯುರೋಪಿಯನ್ ಕಪ್‌ನ ಫೈನಲ್. ಸ್ಪೇನಿನ ಸೆವಿಲ್ಲೆ. ಒಂದು ಕಡೆ ಬಾರ್ಸಿಲೋನಾ, ಅದೂ ತನ್ನದೇ ದೇಶದ ಮೈದಾನದಲ್ಲಿ. ಇನ್ನೊಂದು ಕಡೆ ಸ್ಟೆಯಾವಾ ಬುಕಾರೆಸ್ಟ್, ರೊಮೇನಿಯಾ ಸೇನೆಯ ತಂಡ. ಗ್ಯಾಲರಿಯಲ್ಲಿ ಸ್ಟೆಯಾವಾದವರನ್ನು ಹುಡುಕಬೇಕಿತ್ತು. ಸ್ಟೆಯಾವಾದ ಕ್ಯಾಪ್ಟನ್ ಸ್ಟೊಯಿಕಾ ಅಮಾನತಾಗಿ ಹೊರಗೆ. ಎರಡನೇ ಅವಧಿಯಲ್ಲಿ 36 ವರ್ಷದ ಸಹಾಯಕ ಕೋಚ್ ಇಯೊರ್ಡನೆಸ್ಕುವೇ ಬೂಟು ಕಟ್ಟಿಕೊಂಡು ಇಳಿಯಬೇಕಾಯಿತು. ಆಗಷ್ಟೇ 22 ತುಂಬುತ್ತಿದ್ದ ಬೆಲೊಡೆಡಿಚ್ ಹಿಂದೆ ನಿಂತಿದ್ದರು. 120 ನಿಮಿಷ ಬಾರ್ಸಿಲೋನಾಕ್ಕೆ ಒಂದು ಗೋಲೂ ಸಿಗಲಿಲ್ಲ. ಆಮೇಲೆ ಸಮನಾದ ಪಂದ್ಯವನ್ನು ತೀರ್ಮಾನಿಸುವ ಪೆನಾಲ್ಟಿಯಲ್ಲಿ ಸ್ಟೆಯಾವಾ ಗೋಲ್‌ಕೀಪರ್ ಡುಕಾಡಾಮ್ ನಾಲ್ಕಕ್ಕೆ ನಾಲ್ಕೂ ತಡೆದರು. ಸ್ಟೆಯಾವಾ 2–0. ಡುಕಾಡಾಮ್ ಹೆಸರು ಮನೆಮಾತಾಯಿತು, ಆಗಬೇಕಾದ್ದೇ. ಆದರೆ ಪಂದ್ಯವನ್ನು ಪೆನಾಲ್ಟಿಯ ತನಕ ಎಳೆದು ತಂದವರು ಯಾರು? ಫಾರ್ವರ್ಡ್ ಬರೆಯುವ ಅಂಕಿ ಒಂದು, ಎರಡು, ಮೂರು. ಡಿಫೆಂಡರ್‌ಗೆ ಬರೆಯಲು ಬರುವ ಅಂಕಿ ಸೊನ್ನೆ ಒಂದೇ.

1991ರ ಮೇ 29ರ ಫೈನಲ್ ಬಗ್ಗೆ ಮಾತ್ರ ನಿಮ್ಮ ಮಾತು ಒಪ್ಪುತ್ತೇನೆ. ಇಟಲಿಯ ಬಾರಿಯಲ್ಲಿ ರೆಡ್ ಸ್ಟಾರ್ ಮತ್ತು ಫ್ರಾನ್ಸಿನ ಮಾರ್ಸೆ. ಪ್ರೊಸಿನೆಚ್ಕಿ, ಸಾವಿಚೆವಿಚ್, ಪಾಂಚೆವ್ ಅಂಥ ದಾಳಿಯ ಆಟಗಾರರಿದ್ದ ರೆಡ್ ಸ್ಟಾರ್ ಅಂದು ಬಾಗಿಲು ಹಾಕಿಕೊಂಡು ಕೂತಿತ್ತು. ನೋಡಲು ನಿಜಕ್ಕೂ ಬೇಜಾರು. ಮತ್ತೆ 0–0, ಮತ್ತೆ ಪೆನಾಲ್ಟಿ. ಈ ಸಲ ಮೂರನೆಯ ಕಿಕ್ ಬೆಲೊಡೆಡಿಚ್ ಅವರದು. ಹಾಕಿದರು. ರೆಡ್ ಸ್ಟಾರ್ 5–3. ಎರಡು ಬೇರೆ ಕ್ಲಬ್‌ಗಳ ಪರ ಫೈನಲ್ ಆಡಿ ಕಪ್ ಗೆದ್ದ ಮೊದಲಿಗರು ಇವರೇ. (ಅಲ್ಲ, ಗೋಲ್‌ಕೀಪರ್ ಜಿಮ್ಮಿ ರಿಮ್ಮರ್ ಮೊದಲಿಗರು ಎಂದು ಯಾರೋ ಖಂಡಿತ ಬರೆಯುತ್ತೀರಿ. ರಿಮ್ಮರ್ 1968ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಬೆಂಚಿನಲ್ಲಿ ಕೂತಿದ್ದರು. 1982ರಲ್ಲಿ ಆಸ್ಟನ್ ವಿಲ್ಲಾ ಪರ ಒಂಬತ್ತು ನಿಮಿಷ ಆಡಿ ನೋವಾಗಿ ಹೊರಬಂದರು. ಅದು ಬೇರೆ ಕಥೆ.) ಪೂರ್ವ ಯುರೋಪಿನಿಂದ ಈ ಕಪ್ ಗೆದ್ದದ್ದೇ ಎರಡು ಕ್ಲಬ್. ಎರಡರ ಹೆಸರಿನ ಅರ್ಥದಲ್ಲೂ ನಕ್ಷತ್ರವಿದೆ, ಎರಡರ ಫೈನಲ್‌ನಲ್ಲೂ ಇವರಿದ್ದರು. ಒಟ್ಟು 240 ನಿಮಿಷ, ಬಿಟ್ಟುಕೊಟ್ಟ ಗೋಲು ಸೊನ್ನೆ. ಇದಕ್ಕೆ ಅರ್ಧ ಪುಟ ಜಾಸ್ತಿ ಆಯ್ತು ಅಂತೀರಾ?

"ಕೈಕೊಟ್ಟು ಓಡಿಹೋದವನು" ಅಂದಿರಿ. ಈ ಮಾತು ನನಗೆ ಹಿಡಿಸಲಿಲ್ಲ.

1988ರ ರೊಮೇನಿಯಾ ಹೇಗಿತ್ತು ನೋಡಿ. ವಿದೇಶಿ ಸಾಲ ತೀರಿಸುವ ಹಟದಲ್ಲಿ ಸರ್ವಾಧಿಕಾರಿ ಚೌಶೆಸ್ಕು ಸರಕಾರ ದವಸಧಾನ್ಯ, ಮಾಂಸ ಎಲ್ಲ ಹೊರಗೆ ಮಾರುತ್ತಿತ್ತು. ಜನರಿಗೆ ಬ್ರೆಡ್ಡಿಗೂ ರೇಷನ್. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಶಾಖವಿಲ್ಲ, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಚೆನ್ನಾಗಿ ಆಡುವವನು ಹೊರದೇಶದ ಕ್ಲಬ್ ಸೇರುತ್ತೇನೆ ಎನ್ನುವಂತಿರಲಿಲ್ಲ. ಆ ವರ್ಷದ ಕೊನೆಗೆ, ನೆಂಟರನ್ನು ನೋಡಿ ಬರುವ ನೆಪದಲ್ಲಿ ಬೆಲೊಡೆಡಿಚ್ ಗಡಿ ದಾಟಿದರು. ವಾಪಸ್ ಹೋಗಲಿಲ್ಲ. ಬೆಲ್‌ಗ್ರೇಡಿಗೆ ಹೋಗಿ ಬಾಲ್ಯದಲ್ಲಿ ಮೆಚ್ಚಿದ ಕ್ಲಬ್ಬಿನ ಬಾಗಿಲು ತಟ್ಟಿದರು. ಯುರೋಪಿನ ಚಾಂಪಿಯನ್ ಒಬ್ಬ ತಾನಾಗಿ ಬಂದು "ಆಡ್ತೀನಿ" ಎಂದರೆ ಅವರಿಗೆ ಹೇಗಾಗಿರಬೇಡ!

ಸ್ಟೆಯಾವಾ ಸೇನೆಯ ತಂಡ ಎಂದೆನಲ್ಲ, ಆಟಗಾರರಿಗೆ ಹೆಸರಿಗಾದರೂ ಸೇನೆಯ ಹುದ್ದೆ ಇರುತ್ತಿತ್ತು. ಹೀಗಾಗಿ ಕ್ಲಬ್ ಬಿಟ್ಟದ್ದು ದೇಶದ್ರೋಹವಾಯಿತು. ಅವರಿಲ್ಲದೆಯೇ ವಿಚಾರಣೆ ನಡೆದು ಹತ್ತು ವರ್ಷ ಜೈಲು ಎಂದು ತೀರ್ಪಾಯಿತು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಬೇರೆ ಒಂದು ವರ್ಷ ನಿಷೇಧ ಹಾಕಿತು. 24–25ರ ವಯಸ್ಸು, ಒಳ್ಳೆಯ ಫಾರ್ಮು, ಆದರೆ ಲೆಕ್ಕಕ್ಕೆ ಬರುವ ಪಂದ್ಯ ಒಂದೂ ಇಲ್ಲ. 1989ರ ಡಿಸೆಂಬರ್‌ನಲ್ಲಿ ಚೌಶೆಸ್ಕು ಆಡಳಿತ ಉರುಳಿತು, ಶಿಕ್ಷೆಯೂ ಹೋಯಿತು. ದ್ರೋಹ ಎನ್ನುವ ಮಾತನ್ನು ಆ ಕೋರ್ಟಿನಿಂದ ಕಡ ತಂದು ನಾವು ಬಳಸಬೇಕಾ?

ಕಳೆದುಕೊಂಡದ್ದೂ ಇದೆ. 1990ರ ವಿಶ್ವಕಪ್‌ಗೆ ರೊಮೇನಿಯಾ ಹೋಯಿತು, ಇವರು ತಂಡದಲ್ಲಿರಲಿಲ್ಲ. ಅಲ್ಲಿ ಐರ್ಲೆಂಡ್ ಎದುರು ಏನಾಯಿತು ಗೊತ್ತಾ? 0–0. ಪೆನಾಲ್ಟಿಯಲ್ಲಿ ಸೋಲು.

ರಾಷ್ಟ್ರೀಯ ತಂಡಕ್ಕೆ ಮತ್ತೆ ಕರೆ ಬಂದದ್ದು 1992ರಲ್ಲಿ. ಮೊದಲ ವಿಶ್ವಕಪ್ ಆಡುವಾಗ ವಯಸ್ಸು 30. ನೀವು ಹೇಳಿದ ಆ ಪಂದ್ಯ ನನಗೂ ನೆನಪಿದೆ. 1994ರ ಜುಲೈ 10, ಅಮೆರಿಕದ ಸ್ಟ್ಯಾನ್‌ಫರ್ಡ್, ಸ್ವೀಡನ್ ಎದುರು ಕ್ವಾರ್ಟರ್‌ಫೈನಲ್. ನಮಗೆ ರಾತ್ರಿ ಒಂದು ಗಂಟೆ. ಪಕ್ಕದ ಮನೆಯ ಟೀವಿ ಮುಂದೆ ಕೂತಿದ್ದೆ, ಸೌಂಡು ಪೂರ್ತಿ ಕಮ್ಮಿ ಮಾಡಿ. ಹೆಚ್ಚುವರಿ ಅವಧಿಯಲ್ಲಿ ರೊಮೇನಿಯಾ 2–1 ಮುಂದೆ, ಸ್ವೀಡನ್ನಿನ ಒಬ್ಬನಿಗೆ ರೆಡ್ ಕಾರ್ಡ್. ಉಳಿದದ್ದು ಐದೇ ನಿಮಿಷ. ಒಂದು ಎತ್ತರದ ಚೆಂಡು ಬಂತು. ರೊಮೇನಿಯಾದ ಗೋಲ್‌ಕೀಪರ್ ಪ್ರುನೆಯಾ ಮುಂದೆ ನುಗ್ಗಿದರು, ಸಿಗಲಿಲ್ಲ. ಸ್ವೀಡನ್ನಿನ ಕೆನೆಟ್ ಆಂಡರ್ಸನ್ ತಲೆ ಕೊಟ್ಟರು. 2–2. ಪಂದ್ಯ ಕೈಬಿಟ್ಟದ್ದು ಅಲ್ಲೇ ಸರ್.

ಪೆನಾಲ್ಟಿಯಲ್ಲೂ ಮೊದಲು ಎಡವಿದ್ದು ಸ್ವೀಡನ್. ಆಮೇಲೆ ರೊಮೇನಿಯಾದ ಡಾನ್ ಪೆಟ್ರೆಸ್ಕು ಕಿಕ್ಕನ್ನು ಸ್ವೀಡನ್ ಗೋಲ್‌ಕೀಪರ್ ರಾವೆಲ್ಲಿ ತಡೆದರು. ಐದೈದು ಮುಗಿದಾಗ 4–4. ಆರನೆಯದು ಸ್ವೀಡನ್ನಿನ ಲಾರ್ಸನ್ ಹಾಕಿದರು. ರೊಮೇನಿಯಾ ಕಡೆಯಿಂದ ಆರನೆಯವರಾಗಿ ಬೆಲೊಡೆಡಿಚ್ ನಡೆದು ಬಂದರು. ರಾವೆಲ್ಲಿ ಅದನ್ನೂ ತಡೆದರು. ಇಬ್ಬರದು ತಪ್ಪಿತ್ತು, ಆದರೆ ಕೊನೆಯಲ್ಲಿ ತಪ್ಪಿದವನ ಹೆಸರೇ ಪತ್ರಗಳಲ್ಲಿ ಬರುತ್ತದೆ. ನಿಮ್ಮ ಪತ್ರದಲ್ಲೂ ಪೆಟ್ರೆಸ್ಕು ಇಲ್ಲ.

ರೆಡ್ ಸ್ಟಾರ್ ಬಿಟ್ಟ ಮೇಲಿನದು ಚುಟುಕಾಗಿ: ವೆಲೆನ್ಸಿಯಾ ಸೇರಿ ಸ್ಪೇನಿನ ಮೂರು ಕ್ಲಬ್, ಮೆಕ್ಸಿಕೊದ ಅಟ್ಲಾಂಟೆ, ಕೊನೆಗೆ 1998ರಲ್ಲಿ ವಾಪಸ್ ಸ್ಟೆಯಾವಾಕ್ಕೆ. ಹತ್ತು ವರ್ಷದ ಹಿಂದೆ ದ್ರೋಹಿ ಎನಿಸಿಕೊಂಡಿದ್ದ ಅದೇ ಕ್ಲಬ್. 36ನೇ ವಯಸ್ಸಿನಲ್ಲಿ 2000ದ ಯೂರೊಗೆ (ಯುರೋಪಿನ ದೇಶಗಳ ಕಪ್) ಹೋದ ರೊಮೇನಿಯಾ ತಂಡದಲ್ಲೂ ಇದ್ದರು. 2001ರಲ್ಲಿ ಬೂಟು ಬಿಚ್ಚಿದರು.

ಕೊನೆಯದಾಗಿ ಹೆಸರು. ಇದು ಪೂರ್ತಿ ನಮ್ಮ ತಪ್ಪು. ಇಂಗ್ಲಿಷ್ ಅಕ್ಷರ ನೋಡಿ ಒಂದು ಕಡೆ "ಬೆಲೊಡೆಡಿಸಿ" ಎಂದು ಹಾಕಿದೆವು. ರೊಮೇನಿಯನ್ನಿನಲ್ಲಿ ಕೊನೆಯ ಆ ಅಕ್ಷರಗಳನ್ನು "ಚ್" ಎಂದೇ ಓದುತ್ತಾರೆ. ಸರ್ಬಿಯನ್ನಿನಲ್ಲಿ ಬರೆಯುವ ರೀತಿ ಬೇರೆ, ಬಾಯಿಗೆ ಬರುವುದು ಹೆಚ್ಚುಕಡಿಮೆ ಅದೇ. ಬೆಲೊಡೆಡಿಚ್ ಸರಿ. ತಿದ್ದಿಕೊಂಡು ಓದಿ.