ಮಗ ಅಮೆರಿಕನ್ ಆರ್ಮಿಯ ಇಂಟೆಲಿಜೆನ್ಸ್‌ಗೆ ಸೇರ್ತೀನಿ ಅಂತಾನೆ. ಆಮೇಲೆ ಹೊರಗೆ ಕೆಲಸ ಸಿಗುವ ಟ್ರೇಡ್ ಯಾವುದು?

ಮಗನಿಗೆ 19 ವರ್ಷ, ಟೆಕ್ಸಾಸ್‌ನಲ್ಲೇ ಹುಟ್ಟಿ ಬೆಳೆದವನು, ಸದ್ಯಕ್ಕೆ ಕಾಲೇಜು ಬೇಡ ಅಂತ ಕೂತಿದ್ದಾನೆ, ರಿಕ್ರೂಟರ್ ಅವನ ಮುಂದೆ ಕೋಡ್ ನಂಬರು 35ರಿಂದ ಶುರುವಾಗುವ ಐದಾರು ಟ್ರೇಡುಗಳ, ಅಂದರೆ ಆರ್ಮಿ ಕೆಲಸಗಳ, ಪಟ್ಟಿ ಇಟ್ಟಿದ್ದಾನೆ, ಅದರಲ್ಲಿ ಯಾವುದು ತಗೊಂಡರೆ ಮುಂದೆ ಹೊರಗೆ ಒಳ್ಳೆ ಕೆಲಸ ಸಿಗುತ್ತೆ ಅಂತ ಕೇಳಿದ್ದೀರಿ. ‘ಸೇರಬೇಡ ಅಂತ ಹೇಗೆ ಹೇಳೋದು’ ಅಂತ ನೀವು ಕೇಳಿಲ್ಲ. ನಮ್ಮವರಲ್ಲಿ ಆ ಪ್ರಶ್ನೆಯೇ ಜಾಸ್ತಿ. ಅದಕ್ಕೇ ನಿಮಗೆ ಉತ್ತರ ಬರೆಯೋಣ ಅನ್ನಿಸಿತು.

ನಾನು ಹಾಸನದ ಕಡೆಯವನು. ಹನ್ನೊಂದನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದೆ. ಸಿಟಿಜನ್ ಆದಮೇಲೆ ಆರ್ಮಿ ಸೇರಿ ಐದು ವರ್ಷ 35 ಎಫ್ ಆಗಿದ್ದೆ, ಅಂದರೆ ಇಂಟೆಲಿಜೆನ್ಸ್ ಅನಲಿಸ್ಟ್. ಅಲ್ಲಿ ‘35 ಫಾಕ್ಸ್’ ಅಂತಾರೆ. ಈಗ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವ ಕೆಲಸ.

ಇಂಟೆಲಿಜೆನ್ಸ್ ಅನ್ನೋ ಹೆಸರಿಗೆ ಮರುಳಾಗಬೇಡಿ. ಕೈಗೆ ಕೆಲಸ ಕಲಿಸುವ ಟ್ರೇಡ್ ಹಿಡಿಯಲಿ. ಆ ಪಟ್ಟಿಯಲ್ಲಿ ಹೊರಗಿನ ಕೆಲಸಕ್ಕೆ ನಾನು ಮೊದಲು ಇಡೋದು 35 ಟಿ, ಅಂದರೆ ಇಂಟೆಲಿಜೆನ್ಸ್‌ನವರ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಕೆಲಸ. ನಾನು ಮಾಡಿದ 35 ಎಫ್ ಅನ್ನು ನಾನೇ ಮತ್ತೊಮ್ಮೆ ಆರಿಸಿಕೊಳ್ಳಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳಬೇಕು.

ನನಗೂ ರಿಕ್ರೂಟರ್ ಇದನ್ನೇ ಹೇಳಿದ್ದ. ‘ಟಾಪ್ ಸೀಕ್ರೆಟ್ ಕ್ಲಿಯರೆನ್ಸ್ ಬರುತ್ತೆ, ಆಚೆ ಬಂದ ದಿನವೇ ಲಕ್ಷ ಡಾಲರ್ ಕೆಲಸ.’ ಕ್ಲಿಯರೆನ್ಸ್ ಅಂದರೆ ಸರ್ಕಾರದ ಗುಟ್ಟಿನ ಮಾಹಿತಿ ನೋಡಲು, ಹಿನ್ನೆಲೆ ತನಿಖೆ ಮಾಡಿ ಕೊಡುವ ಅನುಮತಿ. ಅವನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಆದರೆ ಅರ್ಧ ಮಾತನ್ನು ನುಂಗಿಕೊಂಡಿದ್ದ. ಅರಿಜೋನಾದಲ್ಲಿ, ಮೆಕ್ಸಿಕೋ ಗಡಿಗೆ ಹತ್ತಿರ ಫೋರ್ಟ್ ವಾಚೂಕ ಅಂತ ಒಂದು ಜಾಗ ಇದೆ. ಆರ್ಮಿಯ ಇಂಟೆಲಿಜೆನ್ಸ್ ಶಾಲೆ ಇರೋದು ಅಲ್ಲೇ. ಅಲ್ಲಿ ನಾಲ್ಕು ತಿಂಗಳು ಮ್ಯಾಪು, ವರದಿ, ಶತ್ರು ಏನು ಮಾಡಬಹುದು ಅನ್ನೋ ಲೆಕ್ಕಾಚಾರ, ಎಲ್ಲ ಚೆನ್ನಾಗಿ ಕಲಿಸಿದರು. ಆಮೇಲೆ ನನ್ನನ್ನು ಹಾಕಿದ್ದು ಒಂದು ಮಾಮೂಲಿ ಬ್ರಿಗೇಡಿಗೆ. ಸೋಮವಾರ ಬಂತು ಅಂದರೆ ಮೋಟರ್ ಪೂಲ್. ಹಮ್‌ವಿ ಗಾಡಿಗಳ ಕೆಳಗೆ ರಟ್ಟು ಹಾಸಿ ಮಲಗಿ ಎಣ್ಣೆ ಸೋರ್ತಿದೆಯಾ ನೋಡೋದು, ಟೈರ್ ನೋಡೋದು, ಫಾರಂ ತುಂಬೋದು. ಸೋಮವಾರ ಮಧ್ಯಾಹ್ನದಿಂದ ಪವರ್‌ಪಾಯಿಂಟ್. ಬಾಣದ ಗುರುತು ಕೆಂಪಿರಬೇಕಾ ಕಿತ್ತಳೆಯಾ ಅಂತ ಒಬ್ಬ ಕ್ಯಾಪ್ಟನ್ ಜೊತೆ ರಾತ್ರಿ ಒಂಬತ್ತರವರೆಗೆ ಕೂತಿದ್ದೇನೆ. ಅದೇ 35 ಎಫ್ ಮಾಡಿದ ನನ್ನ ಗೆಳೆಯನೊಬ್ಬನಿಗೆ ಮೇರಿಲ್ಯಾಂಡಿನ ಫೋರ್ಟ್ ಮೀಡ್ ಸಿಕ್ಕಿತು. ಹೊರದೇಶದ ಸಂದೇಶಗಳನ್ನು ಕದ್ದಾಲಿಸುವ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಇರುವ ಜಾಗ ಅದು. ಅವನು ದಿನಾ ನಿಜವಾದ ಡೇಟಾ ಜೊತೆ ಕೆಲಸ ಮಾಡಿ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿತುಬಿಟ್ಟ. ಇಬ್ಬರದ್ದೂ ಒಂದೇ ಟ್ರೇಡ್, ಒಂದೇ ಸಂಬಳ. ಎಲ್ಲಿಗೆ ಹಾಕುತ್ತಾರೆ ಅನ್ನೋದು ಮಾತ್ರ ಅದೃಷ್ಟ.

ಈಗ ಕ್ಲಿಯರೆನ್ಸ್ ವಿಷಯ. ಅದಕ್ಕೆ ಬೆಲೆ ಇದೆ, ನಿಜವಾಗಿಯೂ ಇದೆ. ಹೊರಗಿನ ಕಂಪನಿ ಹೊಸಬನಿಗೆ ತನಿಖೆ ಮಾಡಿಸಿ ತಿಂಗಳುಗಟ್ಟಲೆ ಕಾಯುವ ಬದಲು, ಈಗಾಗಲೇ ಇರುವವನನ್ನೇ ಕರೆಯುತ್ತದೆ. ಸರ್ಕಾರದ ಕೆಲಸ ಕಾಂಟ್ರಾಕ್ಟಿಗೆ ಹಿಡಿಯುವ ಲೈಡೋಸ್, ಬೂಜ್ ಅಲೆನ್, ಸಿಎಸಿಐ ಇಂಥ ಕಂಪನಿಗಳೆಲ್ಲ ಹೀಗೇ ಜನ ಹುಡುಕೋದು. ಆದರೆ ಆ ಕೆಲಸಗಳು ಎಲ್ಲಿವೆ? ವಾಷಿಂಗ್ಟನ್ ಸುತ್ತಮುತ್ತ, ಫೋರ್ಟ್ ಮೀಡ್, ಸ್ಯಾನ್ ಆಂಟೋನಿಯೋ, ಜಾರ್ಜಿಯಾದ ಆಗಸ್ಟಾ, ಕೊಲರಾಡೋ, ಸೇಂಟ್ ಲೂಯಿಸ್, ಹೀಗೆ ಬೆರಳೆಣಿಕೆಯ ಜಾಗಗಳಲ್ಲಿ. ಡಲ್ಲಾಸ್‌ನಲ್ಲಿ ನಿಮ್ಮ ಮನೆ ಪಕ್ಕ ಇರ್ತೀನಿ ಅಂದರೆ ಆಯ್ಕೆ ಕಮ್ಮಿ. ಜೊತೆಗೆ, ಕ್ಲಿಯರೆನ್ಸ್ ಬೇಕಾಗುವ ಕೆಲಸ ಬಿಟ್ಟು 24 ತಿಂಗಳು ದಾಟಿದರೆ ಸಾಮಾನ್ಯವಾಗಿ ಮತ್ತೆ ಮೊದಲಿಂದ ತನಿಖೆ. ಆರ್ಮಿ ಬಿಟ್ಟು ನಾಲ್ಕು ವರ್ಷ ಕಾಲೇಜು ಮುಗಿಸಿ ಆಮೇಲೆ ಕ್ಲಿಯರೆನ್ಸ್ ತೋರಿಸಿ ಕೆಲಸ ಹಿಡೀತೀನಿ ಅಂತ ಮಗ ಲೆಕ್ಕ ಹಾಕಿದ್ದರೆ ಆ ಲೆಕ್ಕ ತಪ್ಪು, ಈಗಲೇ ಹೇಳಿಬಿಡಿ.

ನಾನು ವರ್ಜೀನಿಯಾದಲ್ಲಿ ಕಾಂಟ್ರಾಕ್ಟರ್ ಆಗಿ ಮೂರು ವರ್ಷ ಇದ್ದೆ. ಸಂಬಳ ಚೆನ್ನಾಗಿತ್ತು. ಒಂದು ಶುಕ್ರವಾರ ನಮ್ಮ ಕಂಪನಿಗೆ ಕಾಂಟ್ರಾಕ್ಟ್ ಕೈತಪ್ಪಿತು ಅಂತ ಇಮೇಲ್ ಬಂತು. ಗೆದ್ದ ಕಂಪನಿ ನಮ್ಮನ್ನೇ ಕರೆಯಿತು. ಅದೇ ಕುರ್ಚಿ, ಅದೇ ಕಂಪ್ಯೂಟರ್, ಸಂಬಳ ಮಾತ್ರ ಕಮ್ಮಿ. ಒಪ್ಪಲಿಲ್ಲ. ಕ್ಲಿಯರೆನ್ಸ್ ಬೇಡದ ಕೆಲಸ ಹುಡುಕಲು ಹೊರಟೆ. ನನ್ನ ಹತ್ತಿರ ಕ್ಲಿಯರೆನ್ಸ್ ಬಿಟ್ಟು ಇನ್ನೇನೂ ಇಲ್ಲ ಅಂತ ಗೊತ್ತಾಗಿದ್ದು ಆಗಲೇ. ಒಂದು ಕಡೆ ಇಂಟರ್ವ್ಯೂ ಮಾಡಿದ ಮಹಿಳೆ ಕೇಳಿದರು, ‘ಎಂಟು ವರ್ಷ ಏನು ಮಾಡಿದಿರಿ?’ ಅರ್ಧ ಹೇಳುವ ಹಾಗಿಲ್ಲ. ಇನ್ನರ್ಧ ಆರ್ಮಿ ಭಾಷೆಯಲ್ಲಿತ್ತು, ಅವರಿಗೆ ಅರ್ಥ ಆಗಲಿಲ್ಲ. ಕೆಲಸ ಸಿಗಲಿಲ್ಲ. ಆರು ತಿಂಗಳು ಕೂತು ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆ ಎಸ್‌ಕ್ಯೂಎಲ್ ಕಲಿತೆ. ಮುಂದಿನ ಇಂಟರ್ವ್ಯೂನಲ್ಲಿ ಬೇರೆ ಥರ ಹೇಳಿದೆ: ‘ಒಂದಕ್ಕೊಂದು ತಾಳೆ ಆಗದ ಐದು ವರದಿ ಓದಿ, ಯಾವುದನ್ನು ನಂಬಬಹುದು ಅಂತ ತೂಗಿ, ಬೆಳಿಗ್ಗೆ ಆರಕ್ಕೆ ಮೂರೇ ವಾಕ್ಯದಲ್ಲಿ ಕರ್ನಲ್‌ಗೆ ಹೇಳುತ್ತಿದ್ದೆ.’ ಆ ಮ್ಯಾನೇಜರ್ ನಕ್ಕು, ಇಲ್ಲೂ ಅದೇ ಕೆಲಸ, ಕರ್ನಲ್ ಒಬ್ಬರಿಲ್ಲ ಅಷ್ಟೇ ಅಂದರು.

ಸರಿ, ಪಟ್ಟಿಗೆ ಬರೋಣ.

35 ಟಿ, ‘ಟ್ಯಾಂಗೋ’. ಇಂಟೆಲಿಜೆನ್ಸ್‌ನವರು ಬಳಸುವ ಸರ್ವರ್, ನೆಟ್‌ವರ್ಕ್, ರೇಡಿಯೋ ಎಲ್ಲ ಕಟ್ಟಿ ನಿಲ್ಲಿಸುವವರು, ಕೆಟ್ಟರೆ ರಿಪೇರಿ ಮಾಡುವವರು. ಕೇಳೋಕೆ ಏನೂ ರೋಚಕ ಇಲ್ಲ. ಹುಡುಗರು ಇದನ್ನು ಮೂಸಿಯೂ ನೋಡಲ್ಲ. ಆದರೆ ಕೇಬಲ್ ಎಳೆದು, ಸ್ವಿಚ್ ಕಾನ್ಫಿಗರ್ ಮಾಡಿ, ಮರಳುಗಾಡಿನ ಟೆಂಟ್‌ನಲ್ಲಿ ಬಿದ್ದುಹೋದ ಸರ್ವರನ್ನು ಮೇಲೆಬ್ಬಿಸಿದವನಿಗೆ ಯಾವ ಊರಲ್ಲಾದರೂ ಕೆಲಸ ಇದೆ. ಕ್ಲಿಯರೆನ್ಸ್ ಇದ್ದರೆ ಸಂಬಳ ಹೆಚ್ಚು, ಹೋದರೂ ಕೆಲಸ ಹೋಗಲ್ಲ. ಸೇನೆ ಸೇರೋಕೆ ಬರೆಯುವ ಆಸ್ವಾಬ್ ಪರೀಕ್ಷೆಯಲ್ಲಿ ಎಸ್‌ಟಿ ಅನ್ನೋ ಲೈನ್ ಸ್ಕೋರ್, ಅಂದರೆ ತಾಂತ್ರಿಕ ಕೆಲಸಗಳಿಗೆ ನೋಡುವ ಅಂಕ, 112 ಬೇಕು, ಸುಲಭ ಏನಲ್ಲ.

35 ಎನ್‌ಗೂ ಅದೇ 112. ಸಿಗ್ನಲ್ಸ್ ಅನಲಿಸ್ಟ್, ಅಂದರೆ ಶತ್ರುವಿನ ರೇಡಿಯೋ, ಫೋನ್ ಥರದ ಸಂದೇಶ ಹಿಡಿದು ಅರ್ಥ ಹೇಳುವವರು, ತರಬೇತಿ ಟೆಕ್ಸಾಸ್‌ನ ಸ್ಯಾನ್ ಆಂಜೆಲೋದಲ್ಲಿ, ಗುಡ್‌ಫೆಲೋ ಏರ್‌ಫೋರ್ಸ್ ಬೇಸಿನಲ್ಲಿ. ನಿಮಗೆ ಹತ್ತಿರ, ಭಾನುವಾರ ಬಿಸಿಬೇಳೆಬಾತ್ ಹೊತ್ತುಕೊಂಡು ಹೋಗಬಹುದು. ಎನ್‌ಎಸ್‌ಎ ದಾರಿಗೆ ಇದು ಒಳ್ಳೆಯದು. ನೆಟ್‌ವರ್ಕಿಂಗ್ ಸ್ವಂತವಾಗಿ ಕಲಿತರೆ ಸೈಬರ್ ಸೆಕ್ಯುರಿಟಿ ಕಡೆಗೂ ತಿರುಗಬಹುದು. ಕಲಿಯದಿದ್ದರೆ ಮತ್ತೆ ಕ್ಲಿಯರೆನ್ಸ್‌ಗೇ ಜೋತುಬೀಳಬೇಕು.

35 ಜಿ ಅಂದರೆ ಉಪಗ್ರಹದ, ಡ್ರೋನಿನ ಚಿತ್ರ ನೋಡಿ ಏನು ಎತ್ತ ಹೇಳೋದು. ಉಪಗ್ರಹ ಚಿತ್ರ, ನಕ್ಷೆ ನೋಡಿಕೊಳ್ಳುವ ಎನ್‌ಜಿಎ ಅನ್ನೋ ಗುಪ್ತಚರ ಸಂಸ್ಥೆಗೆ ಇವರು ಬೇಕು. ಇದನ್ನು ಮಾಡಿದರೆ ಹೊರಗೆ ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ಮ್ಯಾಪ್ ಮಾಡುವ, ಕೆಲಸ ಸುಲಭ ಅಂತ ರಿಕ್ರೂಟರ್ ಹೇಳಬಹುದು. ಇಲ್ಲಿ ಒಂದು ಒಳಗುಟ್ಟು ಇದೆ. ಆರ್ಕ್‌ಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್ ತೆರೆದು ದಿನವಿಡೀ ಮ್ಯಾಪ್ ಮಾಡೋದು 35 ಜಿ ಅಲ್ಲ, ಅವರ ಪಕ್ಕದ ಮೇಜಿನಲ್ಲಿ ಕೂರುವ 12 ವೈ. ಅದು ಎಂಜಿನಿಯರ್ ವಿಭಾಗದ ಟ್ರೇಡ್, ಇಂಟೆಲಿಜೆನ್ಸ್ ಪಟ್ಟಿಯಲ್ಲಿ ಇರೋದೇ ಇಲ್ಲ, ಅದಕ್ಕೇ ಯಾರೂ ಕೇಳಲ್ಲ. ವಿದ್ಯುತ್ ಕಂಪನಿ, ನಗರಪಾಲಿಕೆ, ಕೃಷಿ, ಇನ್ಶೂರೆನ್ಸ್, ಎಲ್ಲರಿಗೂ ಮ್ಯಾಪ್ ಮಾಡುವವರು ಬೇಕು. ಮಗನಿಗೆ ನಕ್ಷೆ ಇಷ್ಟ ಇದ್ದರೆ ಇದನ್ನು ಹೆಸರು ಹಿಡಿದು ಕೇಳಲಿ.

35 ಎಂ ಅಂದರೆ ಎದುರಿಗೆ ಕೂತು ಮಾತಾಡಿಸಿ ಮಾಹಿತಿ ಪಡೆಯುವವರು. ಕೆಲಸ ಅದ್ಭುತ, ನಾನು ಕಂಡ ಅತಿ ಚುರುಕು ಜನ ಅವರೇ. ಆದರೆ ಹೊರಗೆ ಪೊಲೀಸ್, ತನಿಖೆ ಇಂಥವು ಬಿಟ್ಟರೆ ನೇರ ದಾರಿ ಕಮ್ಮಿ. 35 ಪಿ ಹೊರದೇಶದ ಭಾಷೆಯ ಮಾತು ಕೇಳಿ ಅರ್ಥ ಹೇಳುವವರದ್ದು, ಆರ್ಮಿಯಲ್ಲಿ ‘35 ಪಾಪಾ’ ಅಂತಾರೆ, ನಮ್ಮ ಕಿವಿಗೆ ಅದು ಬೇರೆ ಥರ ಕೇಳುತ್ತದೆ ಬಿಡಿ. ಕನ್ನಡ ಬರುತ್ತೆ ಅಂತ ಈ ಟ್ರೇಡ್ ಸಿಗಲ್ಲ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಅವರಿಗೆ ಬೇಕಾದ ಭಾಷೆ ಕಲಿಸುತ್ತಾರೆ. ಚೈನೀಸ್, ಕೊರಿಯನ್, ಅರೇಬಿಕ್ ಆದರೆ 64 ವಾರ. ಭಾಷೆಯನ್ನು ಪ್ರೀತಿಸುವ ಹುಡುಗ ಆದರೆ ಸ್ವರ್ಗ, ಕೆಲಸಕ್ಕೋಸ್ಕರ ಹೋದರೆ ಕಷ್ಟ.

17 ಸಿ, ಅಂದರೆ ಸೈಬರ್, 2014ರಿಂದ ಬೇರೆಯೇ ವಿಭಾಗ. ಅದು ಸಿಕ್ಕರೆ ಮೇಲಿನ ಎಲ್ಲವನ್ನೂ ಮರೆತು ಅದಕ್ಕೇ ಹೋಗಲಿ. ಸಿಗೋದು ಕಷ್ಟ, ತರಬೇತಿ ಉದ್ದ, ಕಾಂಟ್ರಾಕ್ಟೂ ಸಾಮಾನ್ಯವಾಗಿ ಉದ್ದ.

ಇನ್ನು ನಮ್ಮಂಥ ಮನೆಗಳಿಗೆ ಮುಖ್ಯವಾದ ಮಾತು, ಇದನ್ನು ರಿಕ್ರೂಟರ್ ಹೇಳಲ್ಲ. ಕ್ಲಿಯರೆನ್ಸ್‌ಗೆ ಎಸ್‌ಎಫ್-86 ಅಂತ ಒಂದು ಫಾರಂ ಇದೆ, ನೂರಕ್ಕೂ ಹೆಚ್ಚು ಪುಟ. ಹತ್ತು ವರ್ಷ ಎಲ್ಲೆಲ್ಲಿ ವಾಸ ಇದ್ದ, ಏಳು ವರ್ಷದಲ್ಲಿ ಯಾವ ದೇಶಕ್ಕೆ ಹೋದ, ಹೊರದೇಶದಲ್ಲಿ ಯಾರ ಜೊತೆ ಒಡನಾಟ, ಅಲ್ಲಿ ಅವನ ಹೆಸರಲ್ಲಿ ಏನಾದರೂ ಆಸ್ತಿ ಇದೆಯಾ, ಎಲ್ಲ. ‘ಮೊಮ್ಮಗನ ಹೆಸರಿಗೆ ಇರಲಿ’ ಅಂತ ತಾತ ಮೈಸೂರಲ್ಲಿ ಒಂದು ಸೈಟು ಮಾಡಿಟ್ಟಿರುತ್ತಾರೆ, ಹುಡುಗನಿಗೇ ಗೊತ್ತಿರಲ್ಲ. ಅಂಥದ್ದು ಇದ್ದರೆ ಈಗಲೇ ಕೂರಿಸಿಕೊಂಡು ಹೇಳಿ. ಭಾರತದಲ್ಲಿ ನೆಂಟರಿದ್ದಾರೆ ಅಂದ ಮಾತ್ರಕ್ಕೆ ಸಾಮಾನ್ಯವಾಗಿ ತಿರಸ್ಕರಿಸಲ್ಲ, ನನಗೆ ಸೋದರಮಾವಂದಿರೇ ನಾಲ್ಕು ಜನ, ಎಲ್ಲರ ಹೆಸರು ಬರೆದಿದ್ದೆ, ಸಿಕ್ಕಿತು. ಮುಚ್ಚಿಟ್ಟರೆ ಮಾತ್ರ ಕಥೆ ಮುಗೀತು. ಕ್ರೆಡಿಟ್ ಕಾರ್ಡ್ ಬಾಕಿ, ಕಾಲೇಜಿನಲ್ಲಿ ಸೇದಿದ ಗಾಂಜಾ, ಇವೂ ಅಷ್ಟೇ. ಗಾಂಜಾ ರಾಜ್ಯದಲ್ಲಿ ಕಾನೂನುಬದ್ಧ ಇದ್ದರೂ ಫೆಡರಲ್ ಲೆಕ್ಕದಲ್ಲಿ ಅಪರಾಧವೇ.

ಆಮೇಲೆ ಒಸಿಐ, ಅಂದರೆ ಭಾರತ ಮೂಲದ ಹೊರದೇಶದ ಪ್ರಜೆಗಳು ವೀಸಾ ಇಲ್ಲದೆ ಭಾರತಕ್ಕೆ ಹೋಗಿಬರಲು ಕೊಡುವ ಕಾರ್ಡ್. ಹೊರದೇಶದ ಸೇನೆಯಲ್ಲಿ ಇರುವವರಿಗೂ, ಇದ್ದು ನಿವೃತ್ತರಾದವರಿಗೂ ಒಸಿಐ ಕೊಡಲ್ಲ ಅಂತ ಭಾರತದ ಗೃಹ ಸಚಿವಾಲಯದ ನಿಯಮ ಇದೆ. ನನಗಿದು ಸೇರಿದ ಮೇಲೆ ಗೊತ್ತಾಯಿತು. ವೀಸಾ ಅರ್ಜಿಯಲ್ಲೂ ‘ಸೇನೆಯಲ್ಲಿ ಇದ್ದೀರಾ, ಇದ್ದಿರಾ’ ಅಂತ ಒಂದು ಪ್ರಶ್ನೆ ಬರುತ್ತದೆ, ಹೌದು ಅಂತ ಗುರುತು ಹಾಕಬೇಕು. ಅಜ್ಜಿ ತೀರಿಕೊಂಡಾಗ ನಮ್ಮ ಮನೆಯವರೆಲ್ಲ ಒಸಿಐ ಕಾರ್ಡ್ ಹಿಡಿದು ಮರುದಿನವೇ ವಿಮಾನ ಹತ್ತಿದರು. ನನಗೆ ಮೇಲಿನವರಿಗೆ ಪ್ರಯಾಣ ತಿಳಿಸಿ, ವೀಸಾ ಬಂದು, ನಾನು ಊರು ಸೇರುವ ಹೊತ್ತಿಗೆ ವೈಕುಂಠ ಸಮಾರಾಧನೆ ಆಗಿ ಮೂರು ದಿನ ಕಳೆದಿತ್ತು. ಹಿತ್ತಿಲಲ್ಲಿ ಬಾಡಿಗೆ ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ್ದರು. ಯಾವ ಟ್ರೇಡ್ ಅನ್ನೋ ಪ್ರಶ್ನೆಗಿಂತ ಇದನ್ನು ಮನೆಯಲ್ಲಿ ಮೊದಲು ಮಾತಾಡಿ.

ಕಾಂಟ್ರಾಕ್ಟ್ ಬಗ್ಗೆ ಎರಡೇ ಮಾತು. ಬಾಯಿಮಾತಿಗೆ ಬೆಲೆ ಇಲ್ಲ, ಟ್ರೇಡಿನ ಹೆಸರು ಕಾಗದದಲ್ಲಿ ಇರಬೇಕು, ಇಲ್ಲದಿದ್ದರೆ ಸಹಿ ಹಾಕದೆ ಎದ್ದು ಬರಲಿ. ಮತ್ತೆ, ಕ್ಲಿಯರೆನ್ಸ್ ಸಿಗದಿದ್ದರೆ ಅಥವಾ ತರಬೇತಿಯಲ್ಲಿ ಫೇಲ್ ಆದರೆ ಆರ್ಮಿಗೆ ಎಲ್ಲಿ ಬೇಕೋ ಅಲ್ಲಿಗೆ ಹಾಕುತ್ತಾರೆ, ಅಡುಗೆಮನೆಯೂ ಆಗಬಹುದು. ನಾಲ್ಕು ವರ್ಷ ಅಂತ ಹೇಳಿದರೂ ರಿಸರ್ವ್ ಸೇರಿ ಒಟ್ಟು ಬಾಧ್ಯತೆ ಎಂಟು ವರ್ಷ.

ಒಳಗೆ ಹೋದಮೇಲೆ ಸುಮ್ನೆ ಕೂರೋದು ಬೇಡ. ಸಂಜೆ ಕಾಲೇಜು ಕೋರ್ಸಿಗೆ ಆರ್ಮಿ ದುಡ್ಡು ಕೊಡುತ್ತದೆ, ಸೆಕ್ಯುರಿಟಿ ಪ್ಲಸ್ ಥರದ ಕಂಪ್ಯೂಟರ್ ಭದ್ರತೆಯ ಸರ್ಟಿಫಿಕೇಟಿಗೂ ಕೊಡುತ್ತದೆ. ನಾನು ಐದು ವರ್ಷದಲ್ಲಿ ಒಂದನ್ನೂ ತಗೊಳ್ಳಲಿಲ್ಲ, ಬ್ಯಾರಕ್‌ನಲ್ಲಿ ವಿಡಿಯೋ ಗೇಮ್ ಆಡಿದೆ. 36 ತಿಂಗಳು ಸೇವೆ ಮುಗಿಸಿದರೆ ಸೈನಿಕರ ಓದಿಗೆ ಸರ್ಕಾರ ಕೊಡುವ ಜಿಐ ಬಿಲ್ ಸೌಲಭ್ಯ ಪೂರ್ತಿ ಸಿಗುತ್ತದೆ, ರಾಜ್ಯದ ಸರ್ಕಾರಿ ಯೂನಿವರ್ಸಿಟಿಯ ಫೀಸು, ಜೊತೆಗೆ ಮನೆ ಬಾಡಿಗೆಗೆ ದುಡ್ಡು. ಕಾಲೇಜು ಬೇಡ ಅನ್ನುವ ಹುಡುಗ 23ಕ್ಕೆ ತಾನಾಗಿಯೇ ಬೇಕು ಅಂತಾನೆ, ನಾನೂ ಹಾಗೇ ಅಂದೆ.

ಮಗ ಆಸ್ವಾಬ್ ಬರೆದಿದ್ದರೆ ಎಸ್‌ಟಿ ಮತ್ತು ಜಿಟಿ (ಭಾಷೆ, ಗಣಿತದ ಅಂಕ) ಎರಡೂ ಸ್ಕೋರು ಇಲ್ಲಿ ಕೆಳಗೆ ಹಾಕಿ, ಒಟ್ಟು ಪರ್ಸೆಂಟೈಲ್ ಬೇಡ, ಅದರಿಂದ ಏನೂ ಗೊತ್ತಾಗಲ್ಲ. ಮತ್ತೆ ಅವನಿಗೆ ಮನೆಯಲ್ಲಿ ವೈಫೈ ಕೆಟ್ಟರೆ ತಾನೇ ಬಿಚ್ಚಿ ನೋಡ್ತಾನಾ ಇಲ್ಲ ನಿಮ್ಮನ್ನು ಕೂಗ್ತಾನಾ, ಅದನ್ನೂ ಬರೆಯಿರಿ.