ಗೋಡೆ ಬಿದ್ದರೆ ಮೇಸ್ತ್ರಿಯ ಮಗ ಯಾಕೆ ಸಾಯಬೇಕು?

ಓದುಗರ ಪತ್ರ: ಮನೆ ಕಟ್ಟಿಸಿ ಒಂದೂವರೆ ವರ್ಷ ಆಗಿಲ್ಲ, ಆಗಲೇ ತಾರಸಿ ಸೋರುತ್ತಿದೆ. ಕಂಟ್ರಾಕ್ಟರು ಫೋನ್ ಎತ್ತುವುದಿಲ್ಲ. ಬ್ಯಾಬಿಲೋನಿನ ದೊರೆ ಹಮ್ಮುರಾಬಿ ಇದ್ದಿದ್ದರೆ ಇಂಥವರಿಗೆ ಬುದ್ಧಿ ಬರುತ್ತಿತ್ತು. ಕಣ್ಣಿಗೆ ಕಣ್ಣು, ಬಡವ ಬಲ್ಲಿದ ಎಲ್ಲರಿಗೂ ಒಂದೇ ನ್ಯಾಯ. ನಮ್ಮ ಕಾಲಕ್ಕಿಂತ ಅದೇ ವಾಸಿ ಅಲ್ವಾ? (ದಾವಣಗೆರೆಯ ಓದುಗರು)

ಸಂಪಾದಕರ ಉತ್ತರ: ಹಾಲ್ ನಡುವೆ ಬಕೆಟ್ ಇಟ್ಟುಕೊಂಡು ಕೂತವರಿಗೆ ಹಮ್ಮುರಾಬಿ ನೆನಪಾದರೆ ತಪ್ಪೇನಿಲ್ಲ. ನನ್ನ ತಕರಾರು ಇರುವುದು ನಿಮ್ಮ 'ಎಲ್ಲರಿಗೂ ಒಂದೇ ನ್ಯಾಯ'ದ ಬಗ್ಗೆ.

ಸುಮಾರು 3,750 ವರ್ಷಗಳ ಹಿಂದೆ ಈಗಿನ ಇರಾಕಿನಲ್ಲಿ ಆಳಿದ ಹಮ್ಮುರಾಬಿಯ ಕಾನೂನು ಕೆತ್ತಿದ ಕಪ್ಪು ಕಲ್ಲು ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ಎರಡು ಮೀಟರಿಗಿಂತ ಎತ್ತರ. 1901-02ರಲ್ಲಿ ಅದು ಸಿಕ್ಕಿದ್ದು ಬ್ಯಾಬಿಲೋನಿನಲ್ಲಲ್ಲ, ಇರಾನಿನ ಸೂಸಾದಲ್ಲಿ. ಪಕ್ಕದ ಏಲಮ್ ರಾಜ್ಯದ ರಾಜ ಕೊಳ್ಳೆ ಹೊಡೆದು ಅಲ್ಲಿಗೆ ತಂದಿದ್ದ. ಈಗಿನ ಎಣಿಕೆಯಲ್ಲಿ 282 ಕಲಮುಗಳು.

ಅದರಲ್ಲಿ 196ನೆಯದು ನಿಮ್ಮ ಕಣ್ಣಿಗೆ ಕಣ್ಣು. ಆದರೆ ಅದು ದೊಡ್ಡ ಮನುಷ್ಯನ ಕಣ್ಣನ್ನು ದೊಡ್ಡ ಮನುಷ್ಯ ಕಿತ್ತರೆ ಮಾತ್ರ. ಸಾಮಾನ್ಯನ ಕಣ್ಣು ಕಿತ್ತರೆ ಒಂದು ಮಿನಾ, ಅಂದರೆ ಸುಮಾರು ಅರ್ಧ ಕೆಜಿ ಬೆಳ್ಳಿ ಕೊಟ್ಟರೆ ಮುಗಿಯಿತು. ಗುಲಾಮನ ಕಣ್ಣಿಗೆ ಅವನ ಬೆಲೆಯ ಅರ್ಧ. ಕಣ್ಣು ಒಂದೇ, ರೇಟು ಮೂರು! ಇದಕ್ಕಿಂತ ಸುಮಾರು ಮುನ್ನೂರು ವರ್ಷ ಹಳೆಯದಾದ, ಅದೇ ಸೀಮೆಯ ಊರ್ ಪಟ್ಟಣದ ದೊರೆ ಊರ್-ನಮ್ಮುವಿನ ಕಾನೂನು ಕಣ್ಣಿಗೆ ಬೆಳ್ಳಿಯ ದಂಡ ಹಾಕಿತ್ತು. ಕಣ್ಣು ಕೀಳುವ ಶಿಕ್ಷೆ ಆಮೇಲೆ ಬಂದದ್ದು. ಹಳೆಯದೆಲ್ಲ ಕ್ರೂರ ಅಂತ ನಾವು ಸುಮ್ನೆ ಅಂದುಕೊಂಡಿರುತ್ತೇವೆ.

ಈಗ ನಿಮ್ಮ ಕಂಟ್ರಾಕ್ಟರ ವಿಷಯ. 229ನೇ ಕಲಮು: ಕಟ್ಟಿದ ಮನೆ ಕುಸಿದು ಮನೆಯ ಯಜಮಾನ ಸತ್ತರೆ, ಕಟ್ಟಿದವನಿಗೆ ಮರಣದಂಡನೆ. ಸರಿ, ಇಲ್ಲಿಯವರೆಗೆ ನೀವು ತಲೆದೂಗುತ್ತೀರಿ. 230: ಯಜಮಾನನ ಮಗ ಸತ್ತರೆ, ಕಟ್ಟಿದವನ ಮಗನನ್ನು ಕೊಲ್ಲಬೇಕು. ಆ ಹುಡುಗ ಇಟ್ಟಿಗೆ ಹೊತ್ತಿದ್ದನೋ ಇಲ್ಲವೋ ಯಾರೂ ಕೇಳುವುದಿಲ್ಲ. ಮನೆಯಲ್ಲಿ ಆಟವಾಡುತ್ತಿದ್ದಿರಬಹುದು, ತೊಟ್ಟಿಲಲ್ಲೇ ಇದ್ದಿರಬಹುದು. ಮಗ ಅಂದರೆ ಅಪ್ಪನ ಆಸ್ತಿ ಎಂಬ ಲೆಕ್ಕ. 231: ಗುಲಾಮ ಸತ್ತರೆ, ಬದಲಿಗೆ ಇನ್ನೊಬ್ಬ ಗುಲಾಮ. ಒಡೆದ ಮಡಕೆಗೆ ಮಡಕೆ ತಂದುಕೊಟ್ಟ ಹಾಗೆ. ತಕ್ಕಡಿ ಕರಾರುವಾಕ್ಕಾಗಿಯೇ ಇದೆ, ತೂಕದ ಕಲ್ಲು ಮಾತ್ರ ಆಳು ನೋಡಿ ಬದಲಾಗುತ್ತದೆ.

ಹೀಗೆ ನಿಜಕ್ಕೂ ಹುಡುಗರನ್ನು ಕೊಂದರೇ? ಆ ಕಾಲದ ವ್ಯವಹಾರ, ವ್ಯಾಜ್ಯಗಳ ಜೇಡಿಮಣ್ಣಿನ ಹಲಗೆಗಳು ಸಾವಿರಗಟ್ಟಲೆ ಸಿಕ್ಕಿವೆ. ಈ ಕಲ್ಲನ್ನು ನೋಡಿ ತೀರ್ಪು ಕೊಟ್ಟೆವು ಎಂಬ ಮಾತು ಅವುಗಳಲ್ಲಿ ಸಿಗುವುದೇ ಅಪರೂಪ. ಹಾಗಾಗಿ ಅದು ಕೋರ್ಟಿನ ಪುಸ್ತಕಕ್ಕಿಂತ ಜಾಸ್ತಿ, 'ನಾನು ಎಂಥ ನ್ಯಾಯವಂತ ದೊರೆ ನೋಡಿ' ಎಂಬ ಜಾಹೀರಾತು ಎಂದು ಹಲವು ವಿದ್ವಾಂಸರ ಅಭಿಪ್ರಾಯ. ನನಗೂ ಹಾಗೇ ಅನಿಸುತ್ತದೆ.

ಹಾಗಂತ ಪೂರ್ತಿ ತೆಗೆದುಹಾಕಲು ಮನಸ್ಸು ಬರುವುದಿಲ್ಲ. 48ನೇ ಕಲಮನ್ನು ನಮ್ಮ ರೈತರಿಗೆ ಓದಿ ಹೇಳಬೇಕು. ಸಾಲಗಾರನ ಹೊಲ ನೆರೆಗೆ ಹಾಳಾದರೆ, ಅಥವಾ ನೀರಿಲ್ಲದೆ ಬೆಳೆ ಬಾರದಿದ್ದರೆ, ಆ ವರ್ಷ ಅವನು ಸಾಲದ ಧಾನ್ಯ ಅಳೆಯಬೇಕಿಲ್ಲ, ಬಡ್ಡಿಯನ್ನೂ ಕಟ್ಟಬೇಕಿಲ್ಲ. 117ರ ಪ್ರಕಾರ ಸಾಲಕ್ಕೆ ಹೆಂಡತಿ ಮಕ್ಕಳನ್ನು ಜೀತಕ್ಕಿಟ್ಟರೆ ಮೂರೇ ವರ್ಷ, ನಾಲ್ಕನೆಯ ವರ್ಷ ಬಿಡುಗಡೆ. ಜೀತ ತಪ್ಪಲಿಲ್ಲ, ಆದರೆ ಅದಕ್ಕೊಂದು ಕೊನೆ ಇತ್ತು.

ಅಂದಹಾಗೆ, ನಿಮಗೆ ಬೇಕಾದ ಕಲಮು 229 ಅಲ್ಲ, 233. ಕೆಲಸ ಸರಿಯಾಗಿ ಮಾಡದೆ ಗೋಡೆ ಉಬ್ಬಿದರೆ, ಕಟ್ಟಿದವನು ತನ್ನ ಸ್ವಂತ ಬೆಳ್ಳಿ ಖರ್ಚು ಮಾಡಿ ಅದನ್ನು ಗಟ್ಟಿ ಮಾಡಿಕೊಡಬೇಕು. ಇಂಥದ್ದನ್ನು ಕೇಳಲು ಈಗ ಜಿಲ್ಲಾ ಗ್ರಾಹಕರ ಆಯೋಗವಿದೆ. ತೊಂದರೆ ಶುರುವಾದ ಎರಡು ವರ್ಷದೊಳಗೆ ದೂರು ಕೊಡಬೇಕು. ಬಿಲ್ಲು, ಒಪ್ಪಂದದ ಕಾಗದ, ಸೋರುವ ಜಾಗದ ಫೋಟೊ ಎಲ್ಲ ಜೋಪಾನವಾಗಿಡಿ. ಕಂಟ್ರಾಕ್ಟರ ಮಗನನ್ನು ಬಿಟ್ಟುಬಿಡಿ, ಪಾಪ.